ಎಡಗಾಲಿನ ತಗ್ಗು

“ನಾನು ನಿಲ್ತಿದ್ದಿದ್ದು ಎಲ್ಲಿ?” ಖಾಲಿ ಗಿರಣಿಯ ನಡುವೆ ನಿಂತು ಅತ್ತೆ ಯಾರತ್ತಲೂ ನೋಡದೆ ಕೇಳಿದರು. ಮಗ್ಗಗಳೆಲ್ಲ ಗುಜರಿಗೆ ಹೋಗಿ, ಉಳಿದದ್ದು ಕಂಬಗಳು ಮತ್ತು ಕಲ್ಲುಹಾಸು. ಹಳೆಯ ಗಿರಣಿ ಇನ್ನು ಮಕ್ಕಳ ಗ್ರಂಥಾಲಯವಾಗಲಿತ್ತು. ಅದರ ಎಂಜಿನಿಯರ್ ಆಗಿದ್ದ ಸೊಸೆ, ನೆಲಕ್ಕೆ ಟೈಲ್ಸ್ ಹಾಕಿಸಲು ಮೇಸ್ತ್ರಿ ತಂದಿದ್ದ ಕಾಗದಕ್ಕೆ ಸಹಿ ಮಾಡಲು ಪೆನ್ನು ತೆರೆದವಳು, ತಲೆಯೆತ್ತಿದಳು.

ಅತ್ತೆ ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಕಲ್ಲನ್ನು ತಡವುತ್ತ ನಡೆದರು. ಏಳನೆಯ ಕಂಬದ ಬಳಿ ಪಾದಗಳು ತಾವಾಗಿಯೇ ನಿಂತವು. ಅಲ್ಲಿ ಕಲ್ಲು ಸವೆದು ಎರಡು ತಗ್ಗುಗಳಾಗಿದ್ದವು. ಎಡಗಾಲಿನದು ತುಸು ಆಳ. “ಎಳೆ ಕಡಿದಾಗೆಲ್ಲ ಎಡಕ್ಕೇ ವಾಲ್ಬೇಕಿತ್ತು ಕಣೇ. ಮೊದ್ಲು ನಮ್ಮಮ್ಮ ಸವೆಸಿದ್ಳು, ಆಮೇಲೆ ನಾನು. ಒಂದು ಕುರ್ಚಿ ಕೊಟ್ಟಿದ್ರೆ ಕಲ್ಲಾದ್ರೂ ಉಳೀತಿತ್ತು!” ಎಂದು ನಕ್ಕರು. ಮರುಕ್ಷಣ, ಇಲ್ಲದ ಮಗ್ಗದ ಕಡೆ ಮೆಲ್ಲಗೆ ಕೈ ಚಾಚಿ, ಎಡಕ್ಕೆ ವಾಲಿದರು.

ಸೊಸೆ ಸುತ್ತ ನೋಡಿದಳು. ಆರು ತಿಂಗಳಿಂದ ತಾನು ಓಡಾಡಿದ ನೆಲದ ಉದ್ದಕ್ಕೂ ಅಂಥ ಜೋಡಿ ತಗ್ಗುಗಳು ಸಾಲುಸಾಲಾಗಿದ್ದವು. ಪ್ರತಿ ಜೋಡಿಯಲ್ಲೂ ಯಾರೋ ಒಬ್ಬರು ನಿಂತು ಕೆಲಸ ಮಾಡುತ್ತಿರುವಂತೆ ಅವಳಿಗೆ ಕಂಡಿತು.

“ಬೇಗ ಸೈನ್ ಮಾಡಿ ಮೇಡಂ,” ಮೇಸ್ತ್ರಿ ಕಾಗದ ಮುಂದೊಡ್ಡಿದ. “ಈ ತಗ್ಗಿಗೆಲ್ಲ ಸಿಮೆಂಟ್ ತುಂಬಿ ಟೈಲ್ಸ್ ಕೂರಿಸಿದ್ರೆ ನೆಲ ಕನ್ನಡಿ ಥರ ಹೊಳೆಯುತ್ತೆ. ನಾಳೆ ಮಕ್ಕಳು ಬರೋ ಜಾಗ ನೋಡಿ.”

ಅವಳು ಪೆನ್ನಿನ ಮುಚ್ಚಳ ಹಾಕಿದಳು.

“ಮಕ್ಕಳು ಬರೋ ಜಾಗ, ಅದಕ್ಕೇ ಸೈನ್ ಮಾಡಲ್ಲ ಮೇಸ್ತ್ರಿ.”