ಮಾದರಿ ಟ್ಯಾಂಕಿನ ಸದ್ದು

ಯುದ್ಧದಲ್ಲಿ ಅವಳ ಗಂಡನ ಟ್ಯಾಂಕನ್ನು ಶತ್ರುವಿನ ಟ್ಯಾಂಕು ಹೊಡೆದು ಸುಟ್ಟದ್ದನ್ನು ದೂರದ ಗುಡ್ಡದಿಂದ ಕಣ್ಣಾರೆ ಕಂಡೆ ಎಂದು ಗಂಡನ ಗೆಳೆಯ ಹೇಳಿದ್ದ. ಸೇನೆಯ ಟ್ಯಾಂಕ್ ದಳದಿಂದ ನಿವೃತ್ತನಾದ ಮೇಲೆ ಆ ಗೆಳೆಯ ದೊಡ್ಡ ದೊಡ್ಡ ಮಾದರಿ ಟ್ಯಾಂಕುಗಳನ್ನು ಮಾಡುತ್ತಿದ್ದ.

“ಅವತ್ತು ಅವರನ್ನು ಹೊಡೆದ ಟ್ಯಾಂಕನ್ನೇ ಮಾಡ್ಕೊಡಿ ಅಣ್ಣ. ನೀವು ಕಂಡ ಹಾಗೆ, ಕೇಳಿದ ಹಾಗೆ ಗುಂಡು ಹಾರಿಸ್ಬೇಕು,” ಎಂದಿದ್ದಳು.

ಇವತ್ತು ಅವಳೆದುರು ಅವನು ಬಟನ್ ಒತ್ತಿದ. ನಳಿಗೆಯ ಬಾಯಲ್ಲಿ ಬೆಂಕಿ ಮಿಂಚಿತು, ಅದೇ ಕ್ಷಣ ಢಮ್ಮೆಂದಿತು. ನಳಿಗೆ ಹಿಂದಕ್ಕೆ ಜಗ್ಗಿ ಹೊಗೆ ಉಗುಳಿತು.

“ಬೆಂಕಿ, ಸದ್ದು ಎರಡೂ ಒಟ್ಟಿಗೇ ಬಂತಾ ಅವತ್ತು?”

“ಒಟ್ಟಿಗೇ ಕಣಮ್ಮ. ಇನ್ನೂ ಕಿವಿಯಲ್ಲೇ ಇದೆ.”

ಹೊಗೆ ಕರಗಿತು. ಅವಳು ನಳಿಗೆಯಿಂದ ಕಣ್ಣೆತ್ತಿ ಅವನನ್ನು ನೋಡಿದಳು.

“ದೂರದ ಗುಡ್ಡಕ್ಕೆ ಸದ್ದು ಆಮೇಲೆ ಬರುತ್ತಲ್ವಾ ಅಣ್ಣ? ಒಟ್ಟಿಗೇ ಕೇಳೋದು ಗುಂಡು ಹಾರಿಸಿದವರಿಗೆ.”