ಗೋಡೆಯ ಮುಂದೆ ಜಿಂಕೆ

ಅಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಮೈದಾನದ ಆಚೆ ತುದಿಯ ಗೋಲುಕಂಬ ಯಾರಿಗೂ ಕಾಣುತ್ತಿರಲಿಲ್ಲ. ಆಟಗಾರ್ತಿಯರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಗುತ್ತಿದ್ದರು. ಆಟ ಕಲಿಸುವ ಮೇಷ್ಟ್ರ ಮಗಳು ಮಾತ್ರ ಎಂದಿನ ಹಾಗೆ ಸೀದಾ ನಡೆದು ಕಂಬ ಮುಟ್ಟಿ ನಿಂತಳು. ಹಾಕಿ ತಂಡದ ಗೋಲಿ ಅವಳು, ಗೋಲು ಕಾಯುವವಳು. ಎಲ್ಲರೂ ಕರೆಯುವುದು ‘ಗೋಡೆ’ ಎಂದು.

ಮೇಷ್ಟ್ರು ಅತ್ತ ನೋಡಲಿಲ್ಲ. ಅವರ ಕಣ್ಣೆಲ್ಲ ‘ಜಿಂಕೆ’ ಎಂದು ಹೆಸರಾದ ಮುಂಚೂಣಿ ಆಟಗಾರ್ತಿಯ ಮೊಣಕಾಲಿನ ಮೇಲಿತ್ತು. ತಂಡದ ಗೋಲುಗಳಲ್ಲಿ ಮುಕ್ಕಾಲು ಪಾಲು ಹೊಡೆದವಳು, ಫೈನಲ್ಲಿನ ದಿನವೇ ಕಾಲಿಗೆ ಪಟ್ಟಿ ಸುತ್ತಿಕೊಂಡು ಕುಂಟುತ್ತ ಬಂದಿದ್ದಳು.

“ಮುಂದೆ ಓಡೋಕಾಗಲ್ಲ ಮೇಷ್ಟ್ರೇ. ಹಿಂದೆ ಹಾಕಿ. ಗೋಡೆ ಹತ್ರಾನೇ ನಿಂತ್ಕೋತೀನಿ.”

“ಆಗದಿದ್ರೆ ಬೆಂಚಲ್ಲಿ ಕೂತ್ಕೋ.”

“ಕೂರಲ್ಲ.”

ಗೋಲಿನ ಮುಂದೆ ಬ್ಯಾಕ್ ಆಡುವ ನರ್ಸಕ್ಕ ಬಗ್ಗಿ ಮೊಣಕಾಲು ಒತ್ತಿ ನೋಡಿದಳು. ಆಸ್ಪತ್ರೆಯಲ್ಲಿ ಅವಳಿಗೆ ದಿನವೂ ಇದೇ ಕೆಲಸ. “ಊತ ಏನೂ ಕಾಣ್ತಿಲ್ವಲ್ಲೇ?”

ಜಿಂಕೆ ಅವಳ ಕೈ ಸರಿಸಿದಳು. “ಒಳಪೆಟ್ಟು ಅಕ್ಕಾ. ಹೊರಗಿಂದ ಕಾಣಲ್ಲ.”

ಮೇಷ್ಟ್ರು ಕಡ್ಡಿಯಿಂದ ಮಣ್ಣಿನಲ್ಲಿ ಗೆರೆ ಎಳೆದರು. ಅಳಿಸಿದರು. ಮತ್ತೆ ಎಳೆದರು. ಜಿಂಕೆ ಹಿಂದಕ್ಕೆ, ಅವಳ ಜಾಗಕ್ಕೆ ನರ್ಸಕ್ಕ.

“ನಾನು ಮುಂದಕ್ಕಾ? ನಾನು ಓಡೋಕೆ ಹುಟ್ಟಿದೋಳಲ್ಲ ಮೇಷ್ಟ್ರೇ, ಉರುಳೋಕೆ.”

“ಉರುಳ್ಕೊಂಡೇ ಹೋಗು ತಾಯಿ. ಗೋಲ್ ಬಂದ್ರೆ ಸಾಕು.”

ಯಾರೋ ‘ಮೊಣಕಾಲಿನ ನಾಟಕ’ ಎಂದು ಗೊಣಗಿದರು. “ಮೆಲ್ಲಗೆ ಕಣ್ರೇ, ಗೋಡೆಗೂ ಕಿವಿ ಇದೆ” ಎಂದಳು ಇನ್ನೊಬ್ಬಳು. ಮಂಜಿನ ಆಚೆಯಿಂದ ಮೇಷ್ಟ್ರ ಮಗಳು ಕೂಗಿದಳು: “ಎಲ್ಲಾ ಕೇಳಿಸ್ತು!”

ದೇಶದ ತಂಡಕ್ಕೆ ಆರಿಸುವ ಹೆಂಗಸು ಆಗಲೇ ಬಂದು ಕೂತಿದ್ದಳು. ಈ ತಂಡದಿಂದ ಒಬ್ಬಳಿಗಷ್ಟೇ ಜಾಗ. ಜಿಂಕೆ ಅಥವಾ ಗೋಡೆ.

ಮೇಷ್ಟ್ರ ಹೆಂಡತಿಗೆ ದೃಷ್ಟಿ ಮಸುಕಾಗುತ್ತ ಬಂದು, ಪೂರ್ತಿ ಹೋಗಿ ವರ್ಷಗಳಾಗಿದ್ದವು. ಅವಳ ತಾಯಿಗೂ ಹಾಗೆಯೇ ಆಗಿತ್ತಂತೆ. ಅಂದಿನಿಂದ ಆ ಮನೆಯಲ್ಲಿ ಕುರ್ಚಿಯಾಗಲಿ, ಚೊಂಬಾಗಲಿ, ಚಪ್ಪಲಿಯಾಗಲಿ ಇಟ್ಟ ಜಾಗ ಬಿಟ್ಟು ಕದಲಿದ್ದಿಲ್ಲ. ಆ ಬೆಳಿಗ್ಗೆ ಹೊರಡುವಾಗ ಅವಳು ಗಂಡನ ತೋಳು ತಡವಿ ಹೇಳಿದ್ದಳು: “ಮಗಳು ದೇಶದ ತಂಡದ ಅಂಗಿ ಹಾಕ್ಕೊಂಡ್ರೆ ಹೇಗೆ ಕಾಣ್ತಾಳೆ ಅಂತ ನೋಡ್ಕೊಂಡು ಬಂದು ಹೇಳಿ.”

ಮೇಷ್ಟ್ರು ಈಗ ದೇವರಿಗೆ ಕೈಮುಗಿದರು. ‘ಇವತ್ತು ಮಗುವಿನ ಮೇಲೆ ನಾಲ್ಕು ಜನರ ಕಣ್ಣು ಬೀಳಲಿ, ತಂದೆ.’

ಮಂಜು ಕರಗಿತು. ಆಟ ಶುರುವಾಯಿತು. ಮೊದಲ ಚೆಂಡು ಗೋಲಿನತ್ತ ನುಗ್ಗಿತು, ಜಿಂಕೆ ತಡೆದಳು. ಎರಡನೆಯದೂ ಅಷ್ಟೇ. ಕುಂಟು ಎಲ್ಲಿ ಹೋಯಿತೋ, ಚೆಂಡು ಎತ್ತ ತಿರುಗಿದರೂ ಅತ್ತ ಅವಳ ಸ್ಟಿಕ್ಕು. ಮಗಳ ಹತ್ತಿರ ಒಂದು ಚೆಂಡೂ ಸುಳಿಯಲಿಲ್ಲ. ಮೇಷ್ಟ್ರ ತಲೆಯೊಳಗೆ ಸಂಶಯದ ಹುಳ ಹೊಕ್ಕಿತು. ಚೆಂಡೇ ಬಾರದ ಗೋಲಿಯನ್ನು ಯಾರು ಆರಿಸುತ್ತಾರೆ?

ವಿರಾಮದಲ್ಲಿ ಅವರು ಜಿಂಕೆಯನ್ನು ಪಕ್ಕಕ್ಕೆ ಕರೆದರು.

“ಮೈದಾನ ಪೂರ್ತಿ ಕಾಣೋದು ಗೋಲಿಗೆ. ಅವಳು ಕೂಗಬೇಕು, ನೀನು ಕೇಳಬೇಕು. ಇದೇನು ತಿರುಗುಮುರುಗು? ಎಡ, ಬಲ ಅಂತ ಅವಳಿಗೇ ಪಾಠ ಹೇಳ್ತಿದೀಯಾ?”

“ಬಾಯಿಗೆ ಬಂದ್ಬಿಡುತ್ತೆ ಮೇಷ್ಟ್ರೇ.”

“ಅವಳಿಗೂ ಒಂದೆರಡು ಚೆಂಡು ಬಿಡು. ಅವಳೇನು ಅಂತ ಜನ ನೋಡ್ಲಿ.”

“ಅದೊಂದು ಕೇಳ್ಬೇಡಿ.”

“ಹೊಟ್ಟೆಕಿಚ್ಚಾ?”

ಜಿಂಕೆಯ ಕಣ್ಣು ತುಂಬಿತು. ಸ್ಟಿಕ್ಕು ಎತ್ತಿಕೊಂಡು ಮೈದಾನಕ್ಕೆ ನಡೆದಳು. ಉಂಡ ಮನೆಯ ಗಳ ಎಣಿಸುವವಳು ಎಂದುಕೊಂಡರು ಮೇಷ್ಟ್ರು. ಅವಳಿಗೆ ಸ್ಟಿಕ್ಕು ಹಿಡಿಯಲು ಕಲಿಸಿದ್ದು ಅವರೇ. ಇಂದಿನ ಆಟ ಮುಗಿಯಲಿ, ನಾಳೆಯಿಂದ ಇವಳಿಗೆ ಈ ತಂಡದಲ್ಲಿ ಜಾಗವಿಲ್ಲ.

ಆಟ ಮುಗಿಯುವ ಹೊತ್ತಿಗೆ ಒಂದೇ ಒಂದು ಚೆಂಡು ಜಿಂಕೆಯನ್ನು ದಾಟಿತು. “ಬಲಕ್ಕೆ! ಕೆಳಗೆ!” ಎಂದು ಅವಳು ಚೀರಿದಳು. ಗೋಡೆ ಬಲಕ್ಕೆ ಕುಸಿದಳು. ಚೆಂಡು ಅವಳ ಕಾಲಿನ ಪ್ಯಾಡಿಗೆ ಬಡಿದು ಹೊರಗೆ ಸಿಡಿಯಿತು. ಜನ ಎದ್ದು ನಿಂತು ಕೂಗಿದರು. ಅತ್ತ ನರ್ಸಕ್ಕ ನಿಜವಾಗಿಯೂ ಉರುಳಿಬಿದ್ದು ತಳ್ಳಿದ ಚೆಂಡು ಗೋಲಾಯಿತು.

ಆರಿಸುವ ಹೆಂಗಸು, ಒಂದು ಗೋಲೂ ಬಿಡದ ಗೋಡೆಯ ಹೆಸರು ಹೇಳಿ ದೇಶದ ತಂಡದ ಅಂಗಿ ಎತ್ತಿ ಹಿಡಿದಳು. ಗೋಡೆ ಜಿಂಕೆಯ ತೋಳು ಹಿಡಿದೇ ಮುಂದೆ ಬಂದಳು. ‘ಇಲ್ಲೂ ಅಂಟಿಕೊಂಡಳಲ್ಲ’ ಎಂದು ಮೇಷ್ಟ್ರು ಹಲ್ಲು ಕಡಿದರು. ಆದರೆ ಮಗಳು ಆ ಅಂಗಿ ತೊಟ್ಟು ತಿರುಗಿದಾಗ ಅವರಿಗೆ ಎದುರಿನದೆಲ್ಲ ಕಣ್ಣೀರಿನಲ್ಲಿ ಕಲಸಿಹೋಯಿತು. ಹೆಂಡತಿಗೆ ಏನೆಂದು ಹೇಳಬೇಕೋ ಅದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡರು.

ಜನ ಚದುರಿದ ಮೇಲೆ ಜಿಂಕೆಗೆ ನಾಲ್ಕು ಮಾತು ಕಟುವಾಗಿಯೇ ಹೇಳಬೇಕೆಂದು ಹುಡುಕಿಕೊಂಡು ಹೊರಟರು. ಬಟ್ಟೆ ಬದಲಿಸುವ ಕೋಣೆಯ ಹಿಂದಿನ ಮೆಟ್ಟಿಲ ಮೇಲೆ ಇಬ್ಬರೂ ಕೂತಿದ್ದರು. ಹುಲ್ಲಿನ ಮೇಲೆ ಮೇಷ್ಟ್ರ ಹೆಜ್ಜೆ ಸಪ್ಪಳವಾಗಲಿಲ್ಲ. ಕೈಚಾಚಿದರೆ ತಾಕುವಷ್ಟು ಹತ್ತಿರ, ಮಗಳ ಎದುರಿಗೇ ಬಂದು ನಿಂತರು.

ಮಗಳು ಅಂಗಿಯನ್ನು ಮಡಿಸಿ ಜಿಂಕೆಯ ತೊಡೆಯ ಮೇಲಿಟ್ಟಳು.

“ಒಂದು ಸಲ ಹಾಕ್ಕೊಂಡೆ, ಅಪ್ಪ ನೋಡಿದ್ರು, ಸಾಕು. ತಗೋ ಕಣೇ, ಇದು ನಿನಗೆ ಸೇರಬೇಕಾದ್ದು. ಆ ಮೇಡಮ್ಮಿಗೆ ನಾನೇ ಹೇಳ್ತೀನಿ.”

ಜಿಂಕೆ ತಲೆಯೆತ್ತಿ ಮೇಷ್ಟ್ರನ್ನು ಕಂಡಳು.

“ಯಾಕೆ ಸುಮ್ಮನಾದೆ? ಅಪ್ಪ ಹತ್ರ ಎಲ್ಲೂ ಇಲ್ಲ ತಾನೇ?” ಎಂದು ಮಗಳು ಕೇಳಿದಳು, ಮೇಷ್ಟ್ರ ಮುಖದತ್ತಲೇ ಕಣ್ಣು ನೆಟ್ಟು.