ದಿನಕ್ಕೆರಡು ಸಲ

“ಫಾರಂ ತುಂಬೋವಾಗ ಅಮ್ಮ ಎಲ್ಲಿ ತಪ್ಪು ಮಾಡಿದ್ಲು ಅಂತ ತೋರಿಸ್ತೀರಾ, ಅಂಕಲ್?”

ಕೇಳಿದವಳು ಹತ್ತು ಹನ್ನೊಂದು ವರ್ಷದ ಹುಡುಗಿ. ಪಕ್ಕದ ಕುರ್ಚಿಯಲ್ಲಿ ಅವಳ ತಾಯಿ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಮುದುರಿ ಕೂತಿದ್ದಳು. ತಾಯಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು. ಅಂಥವರಿಗೆ ಸನ್ನೆ ಭಾಷೆ ಬಲ್ಲ ದುಭಾಷಿಗಳನ್ನು ಗೊತ್ತುಮಾಡಿಕೊಡುವ ಸಂಘ ಅದು. ಅದರ ವೆಬ್‌ಸೈಟ್ ನೋಡಿಕೊಳ್ಳುವವನ ಎದುರು ಇಬ್ಬರೂ ಕೂತಿದ್ದರು. ಸೋಮವಾರ ಸಂಜೆ ನಾಲ್ಕಕ್ಕೆ ಆಸ್ಪತ್ರೆಗೆ ಒಬ್ಬ ದುಭಾಷಿ ಬೇಕೆಂದು ತಾಯಿ ಕೇಳಿಕೊಂಡಿದ್ದಳಂತೆ. ಯಾರೂ ಬಂದಿರಲಿಲ್ಲ.

ಅವನು ಅವಳ ಬೇಡಿಕೆಯನ್ನು ಹುಡುಕಿ ತೆಗೆದ. ಸೋಮವಾರ ಬೆಳಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಬಂದಿತ್ತು. ದಿನಾಂಕ, ಸಮಯ, ಎಷ್ಟನೆಯ ಮಹಡಿ, ಯಾವ ಕೋಣೆ, ಒಂದಕ್ಷರವೂ ತಪ್ಪಿರಲಿಲ್ಲ. ಆದರೆ ದುಭಾಷಿಗಳ ಫೋನಿಗೆ ಸಂದೇಶ ಹೋದದ್ದು ರಾತ್ರಿ ಎಂಟಕ್ಕೆ. ನಾಲ್ಕೇ ನಿಮಿಷಕ್ಕೆ ಒಬ್ಬಾಕೆ ಉತ್ತರ ಬರೆದಿದ್ದಳು: ‘ನಾಲ್ಕು ಗಂಟೆ ಆಗಿಹೋಯಿತಲ್ಲ. ಬೆಳಗ್ಗೆಯೇ ತಿಳಿಸಿದ್ದರೆ ಹೋಗುತ್ತಿದ್ದೆ. ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ನಮ್ಮ ಮನೆ.’ ಅದನ್ನು ಓದುತ್ತಿದ್ದಂತೆ ಅವನಿಗೆ ಒಂದು ಶುಕ್ರವಾರ ನೆನಪಾಯಿತು.

ಮೂರು ತಿಂಗಳ ಹಿಂದೆ ವೆಬ್‌ಸೈಟ್ ತೆವಳತೊಡಗಿತ್ತು. ಪುಟ ತೆರೆಯುವಷ್ಟರಲ್ಲಿ ಒಂದು ಲೋಟ ಕಾಫಿ ಕುಡಿದು ಮುಗಿಸಬಹುದು ಎಂದು ಕಚೇರಿಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ವೆಬ್‌ಸೈಟು ತೆರೆಮರೆಯಲ್ಲಿ ತಾನಾಗಿ ಮಾಡುವ ಕೆಲಸಗಳಲ್ಲಿ ಯಾವುದೋ ಒಂದು ಅದನ್ನು ಹಿಂಡುತ್ತಿತ್ತು. ಯಾವುದೆಂದು ಪತ್ತೆಹಚ್ಚಲು ಅರ್ಧ ದಿನ ಬೇಕು. ಅವತ್ತು ಶುಕ್ರವಾರ; ಅವನಿಗೆ ಬೇಗ ಮನೆಗೆ ಹೊರಡಬೇಕಿತ್ತು. ‘ಎಷ್ಟು ಹೊತ್ತಿಗೊಮ್ಮೆ?’ ಎಂಬ ಪ್ರಶ್ನೆಯ ಎದುರಿಗೆ ‘ಐದು ನಿಮಿಷಕ್ಕೊಮ್ಮೆ’ ಎಂದಿದ್ದುದನ್ನು ಎಲ್ಲ ಕೆಲಸಗಳಿಗೂ ಸಾರಾಸಗಟಾಗಿ ‘ದಿನಕ್ಕೆರಡು ಸಲ’ ಎಂದು ಬದಲಾಯಿಸಿ, ಚೀಲ ಹೆಗಲಿಗೇರಿಸಿ ಹೊರಟಿದ್ದ. ಪಟ್ಟಿಯಲ್ಲಿ ‘ದುಭಾಷಿಗಳಿಗೆ ಸಂದೇಶ’ ಎಂಬ ಸಾಲು ಕಣ್ಣಿಗೆ ಬಿದ್ದಿರಲಿಲ್ಲವೇ? ಬಿದ್ದಿತ್ತು. ಯಾರಿಗೆ ಅಂಥ ಅವಸರ ಇರುತ್ತದೆ ಅಂದುಕೊಂಡಿದ್ದ. ಅದರ ಮರುವಾರ, ವೆಬ್‌ಸೈಟ್ ಚುರುಕಾಯಿತೆಂದು ಸಂಘದ ಮುಖ್ಯಸ್ಥೆ ಮೇಡಂ ಎಲ್ಲರೆದುರು ಅವನನ್ನು ಹೊಗಳಿದ್ದರು. “ಸ್ವಲ್ಪ ತಲೆ ಕೆಡಿಸ್ಕೋಬೇಕಾಯ್ತು ಮೇಡಂ” ಎಂದು ಅವನೂ ಹೇಳಿಕೊಂಡಿದ್ದ.

“ಸರ್ವರಲ್ಲಿ ಏನೋ ತೊಂದರೆ ಆಗಿರ್ಬೇಕು ಪುಟ್ಟಿ” ಎಂದ, ಪರದೆಯಿಂದ ಮುಖ ಎತ್ತದೆ.

ಹುಡುಗಿಯ ಕೈಗಳು ಆಡಿದವು. ತಾಯಿ ಅಲ್ಲವೆಂದು ತಲೆಯಾಡಿಸಿ, ಕೈಯಲ್ಲೇ ಉತ್ತರ ಹೇಳಿದಳು. “ಅದೇನಿಲ್ಲ, ತಾನೇ ಎಲ್ಲೋ ತಪ್ಪು ಒತ್ತಿರ್ಬೇಕು ಅಂತಿದಾಳೆ ಅಮ್ಮ. ಮುಂದಿನ ವಾರ ಆಪರೇಷನ್ ಬಗ್ಗೆ ಮಾತಾಡಕ್ಕೆ ಮತ್ತೆ ಹೋಗ್ಬೇಕು. ಈ ಸಲ ಸರಿಯಾಗಿ ತುಂಬೋದು ಹೇಳ್ಕೊಡಿ ಅಂತೆ.”

“ಸೋಮವಾರ ಏನ್ ಮಾಡಿದ್ರಿ ಮತ್ತೆ?”

“ಡಾಕ್ಟ್ರು ಒಂದು ಚೀಟೀಲಿ ಎರಡು ಸಾಲು ಬರೆದ್ರು, ಅಮ್ಮಂಗೆ ಅರ್ಥ ಆಗ್ಲಿಲ್ಲ. ಆಮೇಲೆ ನೀನೇ ಹೇಳಮ್ಮ ಅಂತ ನಂಗೆ ಅಂದ್ರು.” ಹುಡುಗಿ ಈಗ ಕೈ ಆಡಿಸುತ್ತಿರಲಿಲ್ಲ, ಇದು ತಾಯಿಯ ಮಾತಲ್ಲ, ಅವಳದೇ. “ಗಡ್ಡೆ ಅನ್ನೋದಕ್ಕೆ ಸನ್ನೆ ನಂಗೆ ಗೊತ್ತಿರ್ಲಿಲ್ಲ. ಕಲ್ಲು ಅಂತ ತೋರಿಸ್ದೆ. ಅಮ್ಮ ನಕ್ಕುಬಿಟ್ಲು. ಕಲ್ಲಾದ್ರೆ ಕರಗತ್ತೆ, ನೀ ಹೆದರಬೇಡ ಅಂದ್ಲು. ಹಾಗಲ್ಲ ಅಂತ ನಾನು ಇನ್ನೊಂದ್ಸಲ ಹೇಳ್ಬೇಕಾಯ್ತು.”

ತಾಯಿ ಮಗಳ ತುಟಿಗಳನ್ನೇ ನೋಡುತ್ತಿದ್ದಳು. ಅವನಿಗೆ ಕೂತಲ್ಲೇ ಭೂಮಿಗಿಳಿದು ಹೋಗಬೇಕೆನಿಸಿತು. ಏನು ಮಾಡಲೂ ತೋಚದೆ ಪಟ್ಟಿಯನ್ನು ತೆರೆದು ಆ ಒಂದು ಸಾಲನ್ನು ಹುಡುಕಿ, ‘ಐದು ನಿಮಿಷಕ್ಕೊಮ್ಮೆ’ ಎಂಬುದರ ಮೇಲೆ ಒತ್ತಿದ. ‘ಉಳಿಸಲಾಗಿದೆ’ ಎಂದು ಬಂತು. ಒಂದು ಉಸಿರು ಎಳೆದುಕೊಳ್ಳುವಷ್ಟೂ ಹೊತ್ತು ಹಿಡಿದಿರಲಿಲ್ಲ. ಇಷ್ಟೇ ಕೆಲಸ ಎಂಬುದು ಅವನನ್ನು ಇನ್ನಷ್ಟು ಕುಗ್ಗಿಸಿತು.

“ಅಮ್ಮಂಗೆ ಹೇಳು ಪುಟ್ಟಿ. ಅವರು ತುಂಬಿದ್ದು ಸರಿಯಾಗೇ ಇತ್ತು. ತಪ್ಪು ಅವರದಲ್ಲ.”

ಹುಡುಗಿ ಹೇಳಿದಳು. ತಾಯಿಯ ಹುಬ್ಬು ಗಂಟಿಕ್ಕಿತು. ಎರಡು ಕೈಯನ್ನೂ ಅಗಲಿಸಿ ಏನೋ ಕೇಳಿದಳು.

“ಮತ್ತೆ ಯಾರ್ದು ಅಂತೆ?”

ಇದನ್ನೂ ಈ ಮಗುವಿನ ಕೈಯಲ್ಲೇ ಹೇಳಿಸಬೇಕಲ್ಲ ಎನಿಸಿತು ಅವನಿಗೆ. “ಬೇಡಿಕೆ ಬಂದ ಕೂಡಲೇ ಸಂದೇಶ ಹೋಗ್ತಿತ್ತು. ದಿನಕ್ಕೆರಡು ಸಲ ಹೋದ್ರೆ ಸಾಕು ಅಂತ ಒಬ್ರು ಬದಲಾಯಿಸಿದ್ರು. ಕೆಲಸ ಸುಲಭ ಆಗ್ಲಿ ಅಂತ.”

ಅದಷ್ಟನ್ನೂ ಹುಡುಗಿ ನಿಧಾನವಾಗಿ, ತಡೆತಡೆದು ಹೇಳಿ ಮುಗಿಸಿ, ಕೈಗಳನ್ನು ಗಾಳಿಯಲ್ಲಿ ಹಾಗೇ ನಿಲ್ಲಿಸಿಕೊಂಡು ಅವನ ಕಡೆ ತಿರುಗಿದಳು.

“ಯಾರು ಅಂತ ಹೇಳ್ಲಿ, ಅಂಕಲ್?”

“ನಾನು” ಎಂದ ಅವನು.

ಅದಕ್ಕೆ ಹುಡುಗಿ ಯೋಚಿಸಬೇಕಾಗಲಿಲ್ಲ. ಕೋಪವೇನೂ ಇಲ್ಲದೆ, ತಾಯಿಗೆ ಸರಿಯಾಗಿ ಕಾಣುವಂತೆ, ತೋರುಬೆರಳನ್ನು ಎತ್ತಿ ನೇರ ಅವನತ್ತ ತೋರಿಸಿದಳು.